ಬಳಗಾನೂರಿನಲ್ಲಿ ಬಿಟ್ಟು ಬಂದ ಟ್ರಾಲಿ

ಸಿಂಧನೂರು
14 ಡಿಸೆಂಬರ್ 2024

ಪ್ರೀತಿಯ ಸೊಸೆ ಭಾಗ್ಯಶ್ರೀಗೆ ಅತ್ತೆಯ ಆಶೀರ್ವಾದ.

ಲಿಂಗಸುಗೂರಿಗೆ ಹೋಗುವಾಗ ನಿನಗೆ ಕೆಮ್ಮಿತ್ತು, ಕಡಿಮೆಯಾಯಿತೇ? ನಿನ್ನ ತಾಯಿಯ ಮೊಣಕಾಲು ನೋವು ಹೇಗಿದೆ? ಬಿಸಿನೀರಿನ ಕಾವು ಬಿಡಬಾರದೆಂದು ಹೇಳು. ನಾನು ಚೆನ್ನಾಗಿದ್ದೇನೆ, ಸಿಟ್ಟೊಂದೇ ಇಳಿದಿಲ್ಲ. ಅದು ನಿನ್ನ ಮೇಲಲ್ಲ, ನಿನ್ನ ಗಂಡ ಸಿದ್ದಲಿಂಗೇಶನ ಮೇಲೆ.

ನೀನು ಹಟ ಹಿಡಿದು ಕೊಡಿಸಿದ ಬ್ಯಾಟರಿ ಲಾರಿ ಚಾರ್ಜ್ ಮುಗಿದು ದಾರಿಯಲ್ಲಿ ನಿಂತು, ನಮ್ಮ ಡ್ರೈವರ್ ಲಾಲ್‌ಸಾಬ್ ಅದನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ತಂದಾಗ, ಮಿಲ್ಲಿನ ಅಂಗಳದಲ್ಲಿ ಹಮಾಲರು ನಕ್ಕರಂತೆ. ಇವನು ಅವರೆದುರೇ "ಹೆಂಡ್ತಿ ಮಾತು ಕೇಳಿ ಆಟಿಗಿ ಸಾಮಾನು ತಂದೀನ್ರೀ" ಎಂದನಂತೆ. ಅದನ್ನು ಕೇಳಿ ನೀನು ತವರಿನ ಬಸ್ಸು ಹತ್ತಿದೆ. ನಾನು ತುರ್ವಿಹಾಳದ ಹೊಲದಲ್ಲಿದ್ದೆ. ಅಲ್ಲಿದ್ದಿದ್ದರೆ ಆ ಮಾತು ಅವನ ಬಾಯಿಂದ ಪೂರ್ತಿ ಹೊರಬೀಳಲು ಬಿಡುತ್ತಿರಲಿಲ್ಲ.

ಅವನು ಮುಚ್ಚಿಟ್ಟಿದ್ದನ್ನು ಲಾಲ್‌ಸಾಬ್ ನನಗೆ ಹೇಳಿದ: "ಅಮ್ಮಾರ, ಲಾರಿ ಹಿಂದ ಟ್ರಾಲಿನೂ ಇತ್ರೀ. ಬಳಗಾನೂರಾಗ ಬಿಚ್ಚಿಟ್ಟು ಬಂದೀವಿ. ಯಾರಿಗೂ ಹೇಳಬ್ಯಾಡ ಅಂದಾರ." ಸುಗ್ಗಿ ಬಂತೆಂದರೆ ನಮ್ಮ ಗಂಡಸರಿಗೆ ಚಕ್ರ ಇರುವುದಕ್ಕೆಲ್ಲ ಒಂದು ಟ್ರಾಲಿ ಕಟ್ಟುವ ಹುಚ್ಚು. ಲಾರಿಯ ತುಂಬ ಭತ್ತ ಹೇರಿದ್ದು ಸಾಲಲಿಲ್ಲ ಇವನಿಗೆ! ಖಾಲಿ ಓಡಿದರೆ ನೂರು ಕಿಲೋಮೀಟರ್, ಮೈತುಂಬ ಹೇರಿದರೆ ಎಪ್ಪತ್ತು, ಹಿಂದೆ ಟ್ರಾಲಿ ಎಳೆದರೆ ಅದರ ಅರ್ಧ ಎಂದು ನೀನು ಕೊಳ್ಳುವ ದಿನವೇ ಹೇಳಿದ್ದೆ. ಆಗ ತಲೆಯಾಡಿಸಿದವನು ಈಗ "ಕಂಪನಿಯವ್ರು ಸುಳ್ಳು ಹೇಳ್ಯಾರ" ಎನ್ನುತ್ತಾನೆ.

ಯಾರ ಸುಳ್ಳು ನೋಡೋಣವೆಂದು ನಾನೇ ಲಾರಿಯಲ್ಲಿ ಅವನ ಪಕ್ಕ ಕುಳಿತೆ. ಭತ್ತ ತುಂಬಿಕೊಂಡು ಮಸ್ಕಿಗೆ ಹೋಗಿ, ಇಳಿಸದೆ ತಿರುಗಿ ಬಂದೆವು. ಐವತ್ತೈದು-ಅರವತ್ತು ಕಿಲೋಮೀಟರ್ ಓಡಿದರೂ ಬ್ಯಾಟರಿ ಇನ್ನೂ ಉಳಿದಿತ್ತು. ಮರುದಿನ ಟ್ರಾಲಿ ತರಿಸಿ ಕಟ್ಟಿಸಿದೆ. ಬಳಗಾನೂರು ಮುಟ್ಟುವಷ್ಟರಲ್ಲಿ ಅರ್ಧಕ್ಕಿಂತ ಹೆಚ್ಚು ಮುಗಿದಿತ್ತು. ಅಲ್ಲೇ ಅವನಿಗೆ ಹೇಳಿದೆ: "ಎತ್ತಿನ ಬಾಯಾಗ ನೊರಿ ಬಂದ್ರ ನಿಮ್ಮಪ್ಪ ಚೀಲ ಇಳಸತಿದ್ದ. ಇದಕ್ಕ ನೊರಿ ಬರಂಗಿಲ್ಲಂತ ಮುಂದ ಬ್ಯಾಟರಿ ಎಷ್ಟೈತಂತ ಅಂಕಿ ಕೊಟ್ಟಾರ. ಅದನ್ನರ ನೋಡಲೇ!"

ಬೀಗರಿಗೆ ನನ್ನ ಶರಣು ತಿಳಿಸು. ಬಸವಣ್ಣ ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅತ್ತೆ,
ಬಸವಣ್ಣೆಮ್ಮ

ತಾ.ಕ.: ಈ ಲಕೋಟೆ ತಂದುಕೊಟ್ಟವನು ನಿನ್ನ ಗಂಡನೇ, ಬಸ್ಸಿನಲ್ಲಿ ಕಳಿಸಿದ್ದೇನೆ. ಅಲ್ಲಿ ತಪ್ಪಾಯಿತೆಂದರೆ ಒಪ್ಪಬೇಡ. ಎಲ್ಲಿ ಅಂದನೋ ಅಲ್ಲೇ, ಅದೇ ಹಮಾಲರ ಮುಂದೆ ಹೇಳಬೇಕು, ನೀನು ನಿಂತು ಕೇಳಬೇಕು. ಲಾರಿಯ ಎರಡೂ ಕೀಲಿಕೈ ಲಕೋಟೆಯಲ್ಲಿವೆ. ಇನ್ನು ಮೇಲೆ ಎಷ್ಟು ಹೇರಬೇಕೆನ್ನುವುದು ನಿನ್ನ ಮಾತು. ಕಣದಲ್ಲಿ ಭತ್ತ ಹಾಗೇ ಬಿದ್ದಿದೆ, ಬಿದ್ದಿರಲಿ. ನೀನು ಬರುವತನಕ ಒಂದು ಚೀಲವನ್ನೂ ಎತ್ತಿಸುವುದಿಲ್ಲ.