ಮೊದಲ ಪುಟದ ದನಿ

೧೨-೭-೨೦೦೬, ಬುಧವಾರ, ತುಮಕೂರು

ನಸುಕಿನ ಫಜ್ರ್ ನಮಾಜು ಮುಗಿಸಿ ಎಂದಿನಂತೆ ಕಂಪ್ಯೂಟರಿನ ಮುಂದೆ ಕುಳಿತೆ. ನನ್ನ ಹಳಗನ್ನಡ ಪಾಠಗಳ ವೆಬ್‌ಸೈಟು. ಮಗಳು ಜೈಬಾ ಕಟ್ಟಿಕೊಟ್ಟದ್ದು. ಮಿಷಿನ್ ಆನ್ ಆದೊಡನೆ ಮೊದಲ ಪುಟ ತಾನಾಗಿ ತೆರೆಯುವಂತೆ ಮಾಡಿಟ್ಟಿದ್ದಳು. ಜೊತೆಗೆ ಅವಳದೇ ದನಿ— ‘ಬನ್ನಿ, ಕೂತ್ಕೊಳ್ಳಿ. ಅಬ್ಬಾ ಈಗ ಪಾಠ ಶುರು ಮಾಡ್ತಾರೆ.’ ಕೊನೆಯಲ್ಲಿ ತಡೆದ ನಗು. ಅವಳನ್ನು ಮಣ್ಣಿಗೊಪ್ಪಿಸಿದ ಮೇಲೆ ಎರಡು ರಂಜಾನ್ ಕಳೆದವು. ದನಿ ಮಾತ್ರ ದಿನವೂ ಕರೆಯುತ್ತದೆ. ದೇಶಾಂತರದ ಓದುಗರನ್ನೂ ಹೀಗೆಯೇ ಕರೆಯುತ್ತಿದೆಯೆಂಬುದು ನನಗುಳಿದ ಸಮಾಧಾನ.

ತಾರಿಖ್ ಬಂದಿದ್ದ— ಕಂಪ್ಯೂಟರ್ ಅಂಗಡಿಯವನು, ಜೈಬಾಳ ಸಹಪಾಠಿ. ವೆಬ್ ಸಾಫ್ಟ್‌ವೇರಿನ ಹೊಸ ವರ್ಷನ್‌ಗೆ ಸೈಟನ್ನು ಸಾಗಿಸಬೇಕಂತೆ. ಹಳೆಯ ಮಿಷಿನ್ ಅದನ್ನು ತಾಳುವುದಿಲ್ಲವಂತೆ. ಎಕ್ಸ್‌ಚೇಂಜಿಗೆ ಒಪ್ಪಿದೆ.

೧೫-೭, ಶನಿವಾರ

ಹೊಸದು ಬಂತು, ಹಳೆಯದು ಹೋಯಿತು. ಪುಟಗಳೆಲ್ಲ ಸರಿಯಾಗಿವೆ. ಅಕ್ಷರ, ಚಿತ್ರ, ಅಂಚಿನ ಬಳ್ಳಿ ಸಹ.

ದನಿಯಿಲ್ಲ.

ತಾರಿಖ್ ಆಗಲೇ ಕುಣಿಗಲ್ಲಿಗೆ ಹೊರಟುಹೋಗಿದ್ದಾನೆ. ಅಕ್ಕನ ಮದುವೆ. ಫೋನ್ ಎತ್ತುತ್ತಿಲ್ಲ.

೨೨-೭

ಮೂಕ ಪುಟದ ಮುಂದೆ ಪ್ರತಿ ಬೆಳಗೂ ಕೂರುತ್ತೇನೆ. ಸತ್ತವರಿಗೆ ನಮ್ಮ ದುವಾ ಸಾಕು. ಅವರ ದನಿಯನ್ನು ಹೀಗೆ ಬೇಡುವುದು ಸಲ್ಲದೇನೋ… ಆದರೂ ಕಿವಿ ಕಾಯುತ್ತದೆ. ಒಮ್ಮೊಮ್ಮೆ ಆ ನಗು ಮಾತ್ರ ಕೇಳಿಸಿದಂತಾಗುತ್ತದೆ, ಬೆನ್ನ ಹಿಂದೆ. ತಿರುಗಿ ನೋಡಿದರೆ ನನ್ನ ಹೆಂಡತಿ ಹಮೀದಾ. ಅಡುಗೆಮನೆಯ ಬಾಗಿಲಲ್ಲಿ, ಹಿಟ್ಟಿನ ಕೈಯಲ್ಲಿ. ಜೈಬಾ ಯಾಕೆ ಕರೆಯುತ್ತಿಲ್ಲ ಎಂದು ಕೇಳಿದಳು. ಇಷ್ಟು ದಿನ ಅವಳೂ ಅಲ್ಲಿ ನಿಂತು ಕೇಳುತ್ತಿದ್ದಳೆಂದು ನನಗೆ ತಿಳಿದಿರಲಿಲ್ಲ.

೨೯-೭, ಸಂಜೆ

ತಾರಿಖ್ ಬಂದ. ಕೋಡ್ ತೆರೆದು ನೋಡಿದ. ತಲೆ ಕೆರೆದುಕೊಂಡ.

‘ಅಂಕಲ್, ನಾನು ಸೈಟ್ ಫೋಲ್ಡರ್ ಪೂರ್ತಿ ಕಾಪಿ ಮಾಡ್ದೆ. ದನಿ ಅದ್ರಲ್ಲಿ ಇರ್ಲೇ ಇಲ್ಲ. ಹಳೇ ಮಿಷಿನ್‌ನ ಬೇರೆ ಫೋಲ್ಡರಲ್ಲಿತ್ತು. ಅವ್ಳು ಅಲ್ಲಿಗೇ ಲಿಂಕ್ ಕೊಟ್ಟವ್ಳೆ.’

‘ಹಾಗಾದರೆ ಹೊರಗಿನವರಿಗೆ?’

‘ನೆಟ್‌ಗೆ ಹೋಗೇ ಇಲ್ಲ ಅಂಕಲ್. ಈ ಮನೇಲಿ ಬಿಟ್ರೆ ಯಾರೂ ಕೇಳಿಲ್ಲ. ಕ್ಲಾಸಲ್ಲೂ ಇದೇ ತಪ್ಪು. ಹೇಳಕ್ಕೋದ್ರೆ, ನನ್ ಕಂಪ್ಯೂಟರಲ್ಲಿ ಬರ್ತೈತಲ್ಲೋ, ನಿಂದೇ ಕೆಟ್ಟಿರ್ಬೇಕು ಅಂತ ನನ್ನೇ ದಬಾಯಿಸ್ತಿದ್ಲು!’

ನಕ್ಕ. ನಗು ಅರ್ಧಕ್ಕೆ ನಿಂತಿತು.

ಹಳೆಯ ಮಿಷಿನ್ ಎಲ್ಲಿ? ಮದುವೆಗೆ ಹೋಗುವ ದಾರಿಯಲ್ಲೇ ಹೆಬ್ಬೂರಿನ ಕಡೆಯ ಹಾಲಿನ ಡೇರಿಯೊಂದಕ್ಕೆ ಇಳಿಸಿ ಹೋದನಂತೆ.

‘ಅಳಿಸಿ ಕೊಟ್ನೋ, ಹಂಗೇ ಕೊಟ್ನೋ… ಗಡಿಬಿಡಿ ಅಂಕಲ್. ನೆನಪಾಗ್ತಿಲ್ಲ.’

ಹಮೀದಾಳಿಗೆ ಹೇಳಲಿಲ್ಲ.

೩೦-೭, ಭಾನುವಾರ

ನಾನೂ ತಾರಿಖನೂ ಮೊದಲ ಬಸ್ಸಿಗೆ ಹೊರಟೆವು. ಡೇರಿಯಲ್ಲಿ ಕರೆಂಟಿರಲಿಲ್ಲ. ಹೆಂಗಸರು ಹಾಲಿನ ಕ್ಯಾನು ಹಿಡಿದು ಸಾಲಾಗಿ ನಿಂತಿದ್ದರು. ಮೂಲೆಯಲ್ಲಿ ನಮ್ಮ ಮಿಷಿನ್, ಕಪ್ಪು ಪರದೆ. ಕಾರ್ಯದರ್ಶಿ ಸಿದ್ದಲಕ್ಷ್ಮಮ್ಮನನ್ನು ತಾರಿಖ್ ಅಳುಕುತ್ತಲೇ ಕೇಳಿದ.

‘ಆ ಹುಡ್ಗಿ ದನಿನಾ? ಅಯ್ಯೋ, ದಿನಾ ಬೆಳಿಗ್ಗೆ ಕರೀತಾಳೆ ಕಣಪ್ಪ. ನಾವೂ ಬಂದ್ವಿ ಕಣವ್ವ ಅಂತೀವಿ.’

ಸಾಲಿನಲ್ಲಿದ್ದ ಮುದುಕಿಯೊಬ್ಬಳು ಬಾಯಿ ಹಾಕಿದಳು: ‘ಕುಂತಿದ್ದೇ ಬಂತು. ಪಾಠ ಮಾಡೋ ಆ ಅಬ್ಬ ಎಲ್ಲವ್ನೋ, ಒಂದಿನಾನೂ ಬರ್ಲಿಲ್ಲ!’

ಎಲ್ಲರೂ ನಕ್ಕರು. ತಾರಿಖ್ ಮೆಲ್ಲಗೆ ನನ್ನ ಕಡೆ ಕೈ ತೋರಿಸಿದ. ಹುಡುಗಿ ಈಗ ಇಲ್ಲವೆಂದೂ ಹೇಳಿದ. ನಗು ನಿಂತಿತು. ಮುದುಕಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಕರೆಂಟು ಬಂತು. ಸ್ಪೀಕರಿನಲ್ಲಿ ಗರಗರ ಸದ್ದು. ಆಮೇಲೆ ಅವಳು. ಅದೇ ಮಾತು, ಅದೇ ತಡೆದ ನಗು.

‘ಬಂದ್ವಿ ಕಣವ್ವ,’ ಎಂದಳು ಮುದುಕಿ.

ತಾರಿಖ್ ಪೆನ್‌ಡ್ರೈವಿಗೆ ಕಾಪಿ ಮಾಡಿಕೊಳ್ಳುತ್ತಿದ್ದ. ನಾನು ಅತ್ತ ನೋಡಲಿಲ್ಲ. ಹೆಂಗಸರು ಒಬ್ಬೊಬ್ಬರಾಗಿ ಕ್ಯಾನುಗಳನ್ನು ಗೋಡೆಗೆ ಸರಿಸಿ ನೆಲದ ಮೇಲೆ ಕುಳಿತರು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

ಬಿಸ್ಮಿಲ್ಲಾ ಎಂದುಕೊಂಡೆ. ಅವರ ಮುಂದೆ ಬಂದು ನಿಂತೆ. ಮೊದಲ ಪಾಠದ ಮೊದಲ ಸಾಲು—