ಅಕ್ಕನ ಹಣೆಗೆ ಬೀಳದ ಗುರುತು

ಮಂಗಳವಾರ, ಮಾರ್ಚ್ ೧೧.

ಇವತ್ತು ನನ್ನ ತಲೆ ತಿಂದವನು ಅಕ್ಕನ ಗಂಡ. ಗಡಿಯಾರ ರಿಪೇರಿಯ ಅಂಗಡಿಯಲ್ಲಿ ಒಂದು ಗಡಿಯಾರವೂ ಸರಿಯಾದ ಹೊತ್ತು ತೋರಿಸುವುದಿಲ್ಲ, ಭಾವನಿಗೆ ಲೋಕದ ಕೊನೆಯ ಗಳಿಗೆ ಮಾತ್ರ ಗೊತ್ತಂತೆ! ಇದುವರೆಗೆ ಮೂವರನ್ನು, ಲೋಕದ ಕೊನೆಗೆ ಬರುತ್ತಾನೆಂದು ಬೈಬಲ್ ಹೇಳುವ ಕ್ರಿಸ್ತವಿರೋಧಿ ಇವನೇ ಎಂದು ಪತ್ತೆ ಹಚ್ಚಿದ. ಮೂವರೂ ಮುದುಕರಾಗಿ ಹಾಸಿಗೆಯಲ್ಲೇ ಸತ್ತರು. ಒಮ್ಮೆಯಾದರೂ ತಪ್ಪಾಯಿತು ಅಂದನೇ? ಈಗ ನಾಲ್ಕನೆಯವನು ಕಣ್ಣಿನ ಡಾಕ್ಟರು.

ಆಪರೇಷನ್ ಯಾವ ಕಣ್ಣಿಗೆ ಎಂದು ತಿಳಿಯಲು ನರ್ಸಮ್ಮ ಅಕ್ಕನ ಹಣೆಗೆ ಪೆನ್ನಿನಲ್ಲಿ ಗುರುತು ಹಾಕಲು ಬಂದಳಂತೆ. ಕ್ರಿಸ್ತವಿರೋಧಿಯ ಕಡೆಯವರ ಹಣೆಗೆ ಬೀಳುವ ಗುರುತು ಅದೇ ಅಂತೆ; "ಮೃಗದ ಮುದ್ರೆ!" ಎಂದು ಕೂಗಿ ಭಾವ ಅಕ್ಕನನ್ನು ಮನೆಗೆ ಎಳೆದುಕೊಂಡು ಬಂದ. ಪೊರೆ ಬಂದದ್ದು ಅವಳ ಕಣ್ಣಿಗೆ, ಪುಕ್ಕಲುತನ ಇವನದ್ದು.

ನಾನು ಓದಿದ್ದು ಹಳ್ಳಿ ಶಾಲೆಯ ಏಳನೇ ಕ್ಲಾಸಿನವರೆಗೆ. ಆದರೂ ಇಂಥ ಹತ್ತು ಪಂಡಿತರನ್ನು ಜೇಬಿಗೆ ಹಾಕಿಕೊಳ್ಳಬಲ್ಲೆ. ಅವನ ಅಂಗಡಿಯ ಪೆನ್ನಿನಿಂದಲೇ ನನ್ನ ಹಣೆಗೆ ದಪ್ಪ ಗೀಟೆಳೆದುಕೊಂಡು ಅಕ್ಕನೆದುರು ಕುಳಿತೆ.

"ನೋಡಕ್ಕಾ, ಹಣೆಗೆ ಗೀಟೆಳ್ಕೊಂಡಿದ್ದೀನಿ, ನನಗೇನಾದ್ರೂ ಕೊಂಬು ಬಂತಾ?"

"ಎಲ್ಲೋ ಗೀಟು? ಕಾಣಿಸ್ತಿಲ್ವಲ್ಲೋ." ತಡಕಾಡಿ ನನ್ನ ಹುಬ್ಬನ್ನು ಉಜ್ಜಿದಳು. "ಹೋಯ್ತಾ?"

"ಹೋಯ್ತು."

"ಇಷ್ಟಕ್ಕಾ ಆ ರಂಪ? ಗುರುವಾರ ನೀನೇ ಕರ್ಕೊಂಡ್ಹೋಗು. ಅವರಿಗೆ ಹೇಳ್ಬೇಡ."

ಗೆದ್ದೆ. ಮೂರು ಸಲ ಸೋಪು ಹಾಕಿ ತೊಳೆದರೂ ಗೀಟು ಹೋಗಿಲ್ಲ. ಭಾವ ನೋಡಿದರೆ ಐದನೆಯವನು ನಾನೇ. ಆಗಲಿ, ಅವನ ಪಟ್ಟಿಗೆ ಒಬ್ಬ ಗಂಡಸಾದರೂ ಸೇರಿದಂತಾಯಿತು. ಆದರೆ ಗೇಣು ದೂರದ ಇಷ್ಟು ಕಪ್ಪು ಗೀಟು ಅಕ್ಕನಿಗೆ ಕಾಣಲಿಲ್ಲವಲ್ಲ. ಇಷ್ಟು ದಿನ ಭಾವನನ್ನು ಆಡಿಕೊಂಡು ನಗುತ್ತಾ ನಾನೂ ಅವಳ ಕಣ್ಣು ಇಷ್ಟು ಮಂಜಾದದ್ದನ್ನು ನೋಡಲೇ ಇಲ್ಲ.