ನಾಲ್ಕನೇ ಪ್ಯಾರಾದಲ್ಲಿ ಗೋಡೆ ಗಟ್ಟಿಯಾಗಿದೆ

ಕಟ್ಟಡ ಸುರಕ್ಷತಾ ಕಚೇರಿಯ ಮುಖ್ಯಾಧಿಕಾರಿಗಳಾದ ಮಾನ್ಯರೇ,

ನಮ್ಮ ಮೆಟ್ಟಿಲ ಪಕ್ಕದ ಗೋಡೆ ಬಿರುಕು ಬಿಟ್ಟಿದೆ, ಅದು ಬೀಳುವ ಮೊದಲು ಆಸರೆ ಕೊಡಿ ಎಂದು ನಾನು ಬರೆದ ಅರ್ಜಿಯನ್ನು ನೀವು ತಿರಸ್ಕರಿಸಿದ್ದೀರಿ. ತಿರಸ್ಕರಿಸಲು ಬಳಸಿರುವುದು ನನ್ನದೇ ವಾಕ್ಯ. ‘ಬಿರುಕು ಹಳೆಯ ಗಾರೆ ಒಣಗಿ ಆದದ್ದು, ಗೋಡೆ ಗಟ್ಟಿಯಾಗಿದೆ ಎಂದು ಅರ್ಜಿದಾರರೇ ತಿಳಿಸಿರುತ್ತಾರೆ. ಕಡತ ಮುಕ್ತಾಯಗೊಳಿಸಿದೆ.’ ಈ ಪತ್ರವನ್ನು ಪತ್ರಿಕೆಗೆ ಕೊಡುತ್ತಿದ್ದೇನೆ. ನಿಮ್ಮ ಕಚೇರಿಗೆ ಇನ್ನೊಂದು ಅರ್ಜಿ ಬರೆಯಲು ನನಗೆ ಭಯ. ಅದರಲ್ಲಿ ಇನ್ನೇನನ್ನು ಒಪ್ಪಿಕೊಂಡುಬಿಡುತ್ತೇನೋ ಯಾರಿಗೆ ಗೊತ್ತು?

ಅರ್ಜಿ ಕೊಡುವ ಕಿಟಕಿಯ ಪಕ್ಕ ‘ಉತ್ತಮ ಮನವಿ ಬರೆಯುವ ಬಗೆ’ ಎಂಬ ಕೈಪಿಡಿ ಇಟ್ಟಿದ್ದೀರಿ. ಅದನ್ನು ನನ್ನಷ್ಟು ಶ್ರದ್ಧೆಯಿಂದ ಓದಿದವರು ಇನ್ನೊಬ್ಬರಿರಲಾರರು, ಬರೆದವರನ್ನೂ ಸೇರಿಸಿ. ಒಪ್ಪಿಸಲು ಮೂರು ದಾರಿಗಳಿವೆ ಎನ್ನುತ್ತದೆ ಅದು: ಹೇಳುವವರ ಮೇಲೆ ನಂಬಿಕೆ ಹುಟ್ಟಬೇಕು, ಕೇಳುವವರ ಮನಸ್ಸು ಮಿಡಿಯಬೇಕು, ತರ್ಕ ಸರಿಯಿರಬೇಕು. ವಾದಕ್ಕೆ ಸ್ಪಷ್ಟ ನಿಲುವು ಬೇಕು, ಆಧಾರ ಬೇಕು, ಆಧಾರದಿಂದ ನಿಲುವಿಗೆ ಹೇಗೆ ಬಂದಿರಿ ಎಂಬ ವಿವರಣೆಯೂ ಬೇಕು. ಕೊನೆಗೆ ದಪ್ಪ ಅಕ್ಷರದಲ್ಲಿ: ‘ಎದುರು ವಾದವನ್ನೂ ಪ್ರಾಮಾಣಿಕವಾಗಿ ಬರೆದು ಉತ್ತರಿಸಿ. ಇದರಿಂದ ನಿಮ್ಮ ಮೇಲಿನ ವಿಶ್ವಾಸ ಹೆಚ್ಚುತ್ತದೆ.’

ಮುದ್ರಣಾಲಯದಲ್ಲಿ ಕರಡು ತಿದ್ದುವವಳು ನಾನು. ಹೇಳಿದ್ದನ್ನು ಹೇಳಿದ ಹಾಗೆ ಮಾಡುವುದು ರೂಢಿ. ನೆಲಮಹಡಿಯಲ್ಲಿರುವ, ಗಾರೆ ಕೆಲಸ ಮಾಡುವ ಮಾಮ ಬಿರುಕಿಗೆ ಅಡ್ಡಲಾಗಿ ಕಾಗದದ ಪಟ್ಟಿ ಅಂಟಿಸಿ ತಾರೀಖು ಬರೆಯಲು ಕಲಿಸಿದರು; ಬಿರುಕು ಅಗಲವಾದರೆ ಪಟ್ಟಿ ಹರಿಯುತ್ತದೆ. “ಬಿರುಕು ಇದ್ರೆ ಇರ್ಲಮ್ಮ, ಅದು ನಡೀತಿದ್ರೆ ಮಾತ್ರ ಕಷ್ಟ” ಎಂದರು. ಮೊದಲ ಪಟ್ಟಿ ಹನ್ನೊಂದು ದಿನಕ್ಕೆ ಹರಿಯಿತು, ಎರಡನೆಯದು ಆರು ದಿನಕ್ಕೆ, ಮೂರನೆಯದು ಎರಡೇ ದಿನಕ್ಕೆ. ಮೂರೂ ತುಂಡುಗಳನ್ನು ಅರ್ಜಿಗೆ ಲಗತ್ತಿಸಿದೆ. ನಾಲ್ಕನೇ ಪ್ಯಾರಾದಲ್ಲಿ, ನಿಮ್ಮ ಕೈಪಿಡಿಗೆ ವಿಧೇಯಳಾಗಿ, ‘ಗಾರೆ ಒಣಗಿದ್ದರಿಂದ ಬಿರುಕು ಬಂದಿದೆ, ಗೋಡೆ ಗಟ್ಟಿಯಾಗಿದೆ ಎಂದು ವಾದಿಸಬಹುದು’ ಎಂದು ಬರೆದೆ. ಗಾರೆ ಒಣಗಿ ಬಂದ ಬಿರುಕು ದಿನದಿನಕ್ಕೆ ವೇಗ ಹೆಚ್ಚಿಸಿಕೊಳ್ಳುವುದಿಲ್ಲ ಎಂಬ ಉತ್ತರ ಐದನೆಯದರಲ್ಲಿದೆ.

ಜೊತೆಗಿರುವ ನನ್ನ ಅಕ್ಕ ಅದನ್ನು ಓದಿ, “ಏನೇ ಇದು, ಗೋಡೆ ಬೀಳ್ತಿದೆ ಅಂತಿದ್ದೀಯೋ ಹವಾಮಾನ ವರದಿ ಓದ್ತಿದ್ದೀಯೋ? ನನ್ನ ಸೊಂಟದ ವಿಷಯ ಬರಿ” ಎಂದಳು. ಸೊಂಟದ ಮೂಳೆ ಮುರಿದ ಮೇಲೆ ಅವಳು ಒಂದೊಂದೇ ಮೆಟ್ಟಿಲ ಮೇಲೆ ಕೂತು ಇಳಿಯುತ್ತಾಳೆ. ಮೂರನೇ ಮಹಡಿಯಿಂದ ಬೀದಿಗೆ ಇಪ್ಪತ್ತೈದು ನಿಮಿಷ. ನಾನು ಬರೆಯಲಿಲ್ಲ. ಕನಿಕರ ಕೆರಳಿಸಿ ಕೆಲಸ ಮಾಡಿಸಿಕೊಳ್ಳುವುದು ಸರಿಯಲ್ಲ ಎನಿಸಿತು. ಪಟ್ಟಿಗಳೇ ಸಾಕು ಅಂದುಕೊಂಡೆ.

ತಿರಸ್ಕಾರದ ಕಾಗದ ಹಿಡಿದು ನಿಮ್ಮ ಕಿಟಕಿಗೆ ಬಂದಾಗ ಗುಮಾಸ್ತರು ತುಂಬ ಸೌಜನ್ಯದಿಂದಲೇ ಮಾತಾಡಿದರು.

“ನೀವೇ ಬರೆದಿದ್ದೀರಲ್ಲ ಮೇಡಂ, ನಾಲ್ಕನೇ ಪ್ಯಾರಾ.”

“ಅದು ಎದುರು ವಾದ. ಉತ್ತರ ಅದರ ಕೆಳಗೇ ಇದೆ.”

“ಇರಬಹುದು. ನಮ್ಮ ನಮೂನೆಯಲ್ಲಿ ಸಾರಾಂಶಕ್ಕೆ ಎರಡೇ ಸಾಲು. ನಾಲ್ಕನೇದು ಹಿಡೀತು, ಐದನೇದು ಹಿಡೀಲಿಲ್ಲ.”

“ಕಾಗದದ ಪಟ್ಟಿಗಳು?”

“ಹರಿದ ಕಾಗದ ಫೈಲಿಗೆ ಹಾಕೋ ಹಾಗಿಲ್ಲ ಮೇಡಂ.”

ಮಾನ್ಯರೇ, ಎರಡೂ ಕಡೆಯ ವಾದ ಬರೆದವರು ಸೋಲುತ್ತಾರೆ ಎಂಬುದನ್ನು ಕೈಪಿಡಿಯ ಯಾವ ಪುಟದಲ್ಲಿ ಮುದ್ರಿಸಿದ್ದೀರಿ? ಹೆದರಿದವರು ಕಿರುಚಬೇಕು, ಕಿರುಚಿದರೆ ಅತಿರೇಕ, ತಣ್ಣಗೆ ಹೇಳಿದರೆ ಅಪಾಯವೇ ಇಲ್ಲ ಎನ್ನುತ್ತೀರಿ. ಹಾಗಾದರೆ ಯಾವ ದನಿಯಲ್ಲಿ ಮಾತಾಡಿದರೆ ನಿಮಗೆ ಕೇಳಿಸುತ್ತದೆ? ಕಟ್ಟಡ ನಿಮ್ಮ ಕಚೇರಿಯದೇ. ಅನುಮತಿಯಿಲ್ಲದೆ ನಾವು ಒಂದು ಕಂಬ ನಿಲ್ಲಿಸಿದರೂ ಅಪರಾಧ. ಬೇರೆ ಮನೆ ಕೊಡುವವರೂ ನೀವೇ, ಅದೂ ‘ಅಪಾಯ’ ಎಂದು ನೀವು ಬರೆದ ಮೇಲೆ.

ಮೊನ್ನೆ ಬೆಳಿಗ್ಗೆ ಅಂಟಿಸಿದ ಪಟ್ಟಿ ಸಂಜೆ ಕೆಲಸದಿಂದ ಬರುವಷ್ಟರಲ್ಲಿ ಹರಿದಿತ್ತು. ಮೆಟ್ಟಿಲ ಮೇಲೆ ಸಣ್ಣಗೆ ಮರಳು ಬಿದ್ದಿತ್ತು. ನಾನು ಗುಡಿಸಿದೆ, ಅಕ್ಕನಿಗೆ ಹೇಳಲಿಲ್ಲ. ಬಾಗಿಲು ತೆಗೆದಾಗ ಅವಳು, “ಮುಖ ಯಾಕೆ ಹಾಗಿದೆ?” ಎಂದಳು. ಬಿಸಿಲು ಎಂದೆ. ಅಂದಿನಿಂದ ಕೆಲಸದಲ್ಲಿ ಒಂದು ಪುಟವೂ ಸರಿಯಾಗಿ ತಿದ್ದಲಾಗುತ್ತಿಲ್ಲ. ಇಪ್ಪತ್ತೈದು ನಿಮಿಷವನ್ನು ಮನಸ್ಸಿನಲ್ಲಿ ಅಳೆಯುತ್ತಾ ಕೂರುತ್ತೇನೆ. ಗೋಡೆ ಅಷ್ಟು ಹೊತ್ತು ಕಾಯುತ್ತದೆಯೇ?

ಆದ್ದರಿಂದ ಕೇಳುತ್ತಿದ್ದೇನೆ: ನಾಳೆಯೇ ಆಸರೆ ಕಂಬ ನಿಲ್ಲಿಸಿ, ಈ ವಾರದೊಳಗೆ ಈ ಕಟ್ಟಡದ ಆರೂ ಮನೆಗಳವರನ್ನು ಬೇರೆಡೆಗೆ ಸಾಗಿಸಿ, ಅಕ್ಕನನ್ನು ಮೊದಲು. ಅವಳನ್ನು ಎತ್ತಿಕೊಂಡು ಇಳಿಯಲು ಇಬ್ಬರು ಬೇಕು, ನಾನೊಬ್ಬಳೇ ಇದ್ದೇನೆ. ನಿಮ್ಮ ಪರವಾಗಿ ಏನು ಹೇಳಬಹುದೋ ಅದನ್ನು ಈ ಸಲ ನಾನು ಬರೆಯುವುದಿಲ್ಲ.

ಇಂತಿ,
ಸದ್ಯಕ್ಕೆ ಮೂರನೇ ಮಹಡಿಯಲ್ಲಿರುವವಳು